ಮರುಗದ ವಾಸನೆಯ ಗಿಣಿ

ಸಿಂಚನಾ, ಪ್ರೀತಮ್,

ಎದುರಿಗೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ. ಮಾತು ಅರ್ಧಕ್ಕೆ ನಿಲ್ಲುತ್ತದೆ. ನೀವಿಬ್ಬರೂ "ಆಮೇಲೇನಾಯ್ತಜ್ಜಿ" ಎಂದು ಮುಖ ನೋಡಿದರೆ ಸೆರಗು ತಾನಾಗಿ ಬಾಯಿಗೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪಂಚನಹಳ್ಳಿಯ ಶಾಲೆಯಲ್ಲಿ ಕಲಿತಷ್ಟೇ ಅಕ್ಷರ ನನ್ನದು, ತಪ್ಪಿದ್ದ ಕಡೆ ನೀವೇ ಸರಿಮಾಡಿಕೊಂಡು ಓದಿ.

ಸಿಂಚನಾ, ಹಿತ್ತಲ ಶೆಡ್ಡಿನ ಬೀಗದ ಕೈ ನಿನಗೆ ಕೊಟ್ಟಾಯಿತು. ಓವನ್ನು, ಅಚ್ಚುಗಳು, ಮಣಿಯ ಜಾಡಿಗಳು, ಸೆಂಟಿನ ಸೀಸೆಗಳು ಎಲ್ಲ ಇನ್ನು ನಿನ್ನವು. ಆರ್ಡರು ಹಿಡಿಯುವುದು, ಪಾರ್ಸಲ್ ಕಟ್ಟುವುದು ತನ್ನ ಕೆಲಸ ಎಂದು ಪ್ರೀತಮ್ ಹೇಳಿದ್ದಾನೆ. ಸಂತೋಷ. ಆದರೆ ಅಜ್ಜಂಪುರದ ತೇಜುವಿನ ವಿಷಯ ತಿಳಿಯದೆ ನೀವು ಈ ಕೆಲಸಕ್ಕೆ ಕೈ ಹಾಕಬಾರದು ಎಂದು ನನಗೆ ಅನ್ನಿಸಿದೆ. ತಾಯಿಯನ್ನು ಕಳೆದುಕೊಂಡಿದ್ದ ಪುಟ್ಟ ಹುಡುಗ ಅವನು. ನಾನು ಮಾಡಿಕೊಟ್ಟ ಒಂದು ಬಿಲ್ಲೆಯ ಹಿಂದೆ ಹೊರಟು ಅವನೂ ನಮ್ಮ ಕೈ ತಪ್ಪುವುದರಲ್ಲಿದ್ದ. ಆ ಮಗು ಉಳಿಯಿತೋ ಇಲ್ಲವೋ ಎನ್ನುವುದಕ್ಕೆ ಬರುವ ಮೊದಲು ಕೆಲಸದ ರೀತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅದು ತಿಳಿಯುವುದಿಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳು ಮುಮ್ತಾಜ್. ಕಡೂರಿನಲ್ಲಿ ನಮ್ಮ ಬೀದಿಯವಳೇ. ತರೀಕೆರೆಯಲ್ಲಿ ವಿಶಾಲಮ್ಮ ಎನ್ನುವವರು ಕಾರಿಗೆ ನೇತುಹಾಕುವ ಸುವಾಸನೆಯ ಬಿಲ್ಲೆ ಮಾಡಿಸುತ್ತಿದ್ದರು. ಒಂದು ಹಳೆಯ ಅಕ್ಕಿ ಅಂಗಡಿಯ ಹಿಂದಿನ ಕೋಣೆ, ನಾಲ್ಕೈದು ಹೆಂಗಸರು. ಮುಮ್ತಾಜ್ ನನ್ನನ್ನು ಅವರ ಮುಂದೆ ನಿಲ್ಲಿಸಿ, "ಗೌರಕ್ಕ ಮಾತಾಡಲ್ಲ ಅಮ್ಮಾವ್ರೆ, ಆದ್ರೆ ಮೂಗು ಚೆನ್ನಾಗೈತೆ. ಯಾರ ಮನೇಲಿ ಏನ್ ಸಾರು ಅಂತ ಬೀದೀಲೇ ಹೇಳ್ತಾಳೆ" ಅಂದಳು.

"ಮಾತಾಡದೆ ಇರೋರೇ ನಂಗೆ ಬೇಕಾಗಿರೋದು. ನೀನೊಬ್ಳು ಮಾತಾಡ್ತಿದೀಯಲ್ಲ, ಸಾಲ್ದಾ?" ಅಂದರು ವಿಶಾಲಮ್ಮ.

ಮಣಿ ಎಂದರೆ ಪೋಣಿಸುವ ಮಣಿಯಲ್ಲ ಎಂದು ಆ ದಿನವೇ ನನಗೆ ಗೊತ್ತಾದದ್ದು. ಸಾಬಕ್ಕಿಯ ಹಾಗಿರುವ ಪ್ಲಾಸ್ಟಿಕ್ ಕಾಳು ಅದು. ಗಾಜಿನ ಜಾಡಿಗೆ ತುಂಬಿ, ಸೆಂಟಿನ ಎಣ್ಣೆ ಸುರಿದು, ಮುಚ್ಚಳ ಬಿಗಿದು, ದಿನವೂ ಉರುಳಿಸುತ್ತಿರಬೇಕು. ಮೊದಮೊದಲು ಒದ್ದೆಯಾಗಿ ಗಾಜಿಗೆ ಅಂಟಿಕೊಂಡಿರುತ್ತವೆ. ಎಣ್ಣೆಯನ್ನೆಲ್ಲ ಕುಡಿದ ಮೇಲೆ ಜಾಡಿ ಅಲ್ಲಾಡಿಸಿದರೆ ಗಲಗಲ ಎನ್ನುತ್ತವೆ. ಆ ಸದ್ದು ಬರುವ ತನಕ ಅಚ್ಚಿಗೆ ಹಾಕಬೇಡ. ಆಮೇಲೆ ಬಣ್ಣದ ಪುಡಿ ಕಲಸಿ, ಅಚ್ಚಿಗೆ ತುಂಬಿ, ಸಣ್ಣ ಕಾವಿನಲ್ಲಿ ಇಟ್ಟರೆ ಕಾಳು ಕಾಳಿಗೆ ಅಂಟಿ ಬಿಲ್ಲೆಯಾಗುತ್ತದೆ. ಪೂರ್ತಿ ಕರಗಿ ನೀರಾಗಲು ಬಿಡಬಾರದು, ಬಿಟ್ಟರೆ ವಾಸನೆ ಓವನ್ನಿಗೇ ಹೋಯಿತು ಎಂದು ತಿಳಿ. ಬಿಸಿ ಇರುವಾಗಲೇ ದಾರಕ್ಕೆ ತೂತು ಮಾಡಬೇಕು.

ನಾವು ಶುರುಮಾಡಿದಾಗ ಓವನ್ನು ಎಲ್ಲಿತ್ತು? ದೊಡ್ಡ ಪಾತ್ರೆಗೆ ಮರಳು ಹಾಕಿ, ಒಲೆಯ ಮೇಲಿಟ್ಟು, ಒಳಗೆ ಇಡ್ಲಿ ತಟ್ಟೆ ಇಡುತ್ತಿದ್ದೆವು. ಬಿಲ್ಲೆಗಳೆಲ್ಲ ಇಡ್ಲಿಯಂತೆಯೇ ಬರುತ್ತಿದ್ದವು. ರಬ್ಬರಿನ ಹಾಗೆ ಬಾಗುವ ಅಚ್ಚು, ಕರೆಂಟಿನ ಓವನ್ನು ಎಲ್ಲ ಆಮೇಲೆ ಬಂದದ್ದು. ಅಚ್ಚು ಬಂದ ಮೇಲೆ ನಿಂಬೆಹಣ್ಣು ಮೆಣಸಿನಕಾಯಿ ಬಿಲ್ಲೆಗೆ ಭಾರಿ ಬೇಡಿಕೆ. ದೃಷ್ಟಿಯೂ ಹೋಗಬೇಕು, ಘಮವೂ ಬರಬೇಕು. ಒಂದು ಸಲ ಮುಮ್ತಾಜ್ ನಿಂಬೆಗೆ ನಿಂಬೆಯ ಸೆಂಟು ಹಾಕಿ, ಮೆಣಸಿನಕಾಯಿಗೆ ಏನು ಹಾಕುವುದು ಎಂದು ಯೋಚಿಸಿ, ಮೆಣಸಿನಕಾಯಿ ನೆನೆಸಿದ ಎಣ್ಣೆಯನ್ನೇ ಹಾಕಿಬಿಟ್ಟಳು. ಲಿಂಗದಹಳ್ಳಿ ಕಡೆಯ ಜೀಪಿನವನೊಬ್ಬ ಅದನ್ನು ಕಟ್ಟಿಕೊಂಡು ಹೊರಟು, ಬಿಸಿಲೇರಿದ ಮೇಲೆ ಸೀನುತ್ತಾ ಸೀನುತ್ತಾ ವಾಪಸು ಬಂದ.

"ಏನ್ ತಾಯೀ, ಇದು ದೃಷ್ಟಿ ತೆಗೆಯೋದೋ, ಜೀವ ತೆಗೆಯೋದೋ?"

"ನೋಡ್ದಾ, ನಿನ್ ಹತ್ರಕ್ಕೆ ಯಾವ ದೆವ್ವನೂ ಬರ್ಲಿಲ್ಲ ತಾನೇ?" ಅಂದಳು ಮುಮ್ತಾಜ್.

ವಿಶಾಲಮ್ಮ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು, ಒಂದು ಬಿಲ್ಲೆ ಸೀಳಿದ್ದರೂ ಎತ್ತಿ ಎಸೆಯುತ್ತಿದ್ದರು. ಆದರೆ ಮಟಮಟ ಮಧ್ಯಾಹ್ನ ಮಾತ್ರ ಒಲೆ ಆರಿಸಿ, ಕಿಟಕಿ ಮುಚ್ಚಿ, ನಮ್ಮನ್ನೆಲ್ಲ ಊಟಕ್ಕೆ ಕೂರಿಸಿಬಿಡುತ್ತಿದ್ದರು. ಎಷ್ಟೇ ಆರ್ಡರಿದ್ದರೂ ಆ ಹೊತ್ತಿನಲ್ಲಿ ಮಣಿ ಕಾಯಿಸಲು ಬಿಡುತ್ತಿರಲಿಲ್ಲ. ಯಾಕೆ ಎಂದು ಮುಮ್ತಾಜ್ ಕೇಳಿದ್ದಕ್ಕೆ, "ಹಸಿದ ಹೊತ್ನಲ್ಲಿ ಘಮ ಎಬ್ಬಿಸಬಾರ್ದು ಕಣೇ. ಹಸಿದು ಬರೋರೆಲ್ಲ ಕಣ್ಣಿಗೆ ಕಾಣೋರೇ ಆಗಿರಲ್ಲ" ಅಂದರು. ಮುಮ್ತಾಜ್ ನಕ್ಕಳು. ನನಗೆ ನಗು ಬರಲಿಲ್ಲ. ಕಿಟಕಿಯ ಸಂದಿಯಿಂದ ಹೊರಗಿನ ಬೀದಿ ನೋಡಿದೆ. ಬಿಸಿಲಿನಲ್ಲಿ ಒಂದು ನಾಯಿ ನಮ್ಮ ಬಾಗಿಲ ಪಕ್ಕದ ಬರಿಗೋಡೆಯನ್ನು ನೋಡುತ್ತಾ ಬಾಲ ಆಡಿಸುತ್ತಿತ್ತು, ಮನುಷ್ಯರಿಗೆ ಆಡಿಸುವ ಹಾಗೆ.

ಈ ಕೆಲಸದಲ್ಲಿ ಮೂಗು ಒಂದೊಂದಾಗಿ ಕುರುಡಾಗುತ್ತದೆ ಎನ್ನುವುದನ್ನೂ ತಿಳಿದುಕೊಂಡಿರಿ. ಯಾವ ಸೆಂಟಿನ ಜೊತೆ ಹೆಚ್ಚು ದಿನ ಇರುತ್ತೀರೋ ಅದು ಮೊದಲು ಸಾಯುತ್ತದೆ. ಮುಮ್ತಾಜಳಿಗೆ ಗುಲಾಬಿ ಸತ್ತಿದೆ. ನನಗೆ ಮಲ್ಲಿಗೆ. ನೀವು ಮಲ್ಲಿಗೆ ತಂದು ನನ್ನ ತಲೆಗೆ ಮುಡಿಸಿದಾಗ ನಾನು ಮೂಸಿ ನಗುತ್ತೇನಲ್ಲ, ಅದು ನೆನಪಿನಿಂದ ನಕ್ಕದ್ದು. ಕಾಫಿಪುಡಿ ಡಬ್ಬ ಹತ್ತಿರ ಇಟ್ಟುಕೊಂಡು ನಡುನಡುವೆ ಮೂಸುತ್ತಿರು ಸಿಂಚನಾ, ಕಿಟಕಿ ತೆರೆದಿರು, ತಲೆ ಹಿಡಿದರೆ ಎದ್ದು ಹೊರಗೆ ಹೋಗು.

ವಿಶಾಲಮ್ಮನವರಿಗೆ ಕೈಲಾಗದೆ ಕೆಲಸ ನಿಲ್ಲಿಸಿದಾಗ ಓವನ್ನನ್ನು ನನಗೇ ಕೊಟ್ಟರು. ಕಡೂರಿನ ಹಿತ್ತಲಲ್ಲಿ ಶೆಡ್ಡು ಎದ್ದದ್ದು ಹಾಗೆ. ಮೊದಲ ವರ್ಷದಲ್ಲೇ ಒಂದು ವಿಚಿತ್ರ ನಡೆಯಿತು. ಹಳೆಯ ಕಾರು ಕೊಂಡಿದ್ದ ಡ್ರೈವರೊಬ್ಬ ಗಂಧದ ಬಿಲ್ಲೆ ಒಯ್ದಿದ್ದ. ವಾರದೊಳಗೆ ಬಂದು, "ಅಮ್ಮಾ, ಇದೇನು, ಮಗೂಗೆ ಹಚ್ಚೋ ಪೌಡರ್ ವಾಸ್ನೆ ಬತ್ತದೆ" ಅಂದ. ಮೂಸಿದೆ, ಅಪ್ಪಟ ಗಂಧ. ಬೇರೆ ಕೊಟ್ಟೆ. ಅದೂ ಹಾಗೇ ಅಂತ ಬಂದ. ಕೊನೆಗೆ ನಾನೇ ಕಾರಿನಲ್ಲಿ ಕೂತು ನೋಡಿದೆ. ಬಾಗಿಲು ಹಾಕಿ, ಒಳಗೆ ಬಿಸಿ ಏರಿದಂತೆಲ್ಲ ಗಂಧ ಹಿಂದಕ್ಕೆ ಸರಿದು, ಪೌಡರ್ ವಾಸನೆ ಮುಂದೆ ಬಂತು. ಹಿಂದಿನ ಸೀಟಿನ ಕಡೆಯಿಂದ. ನಾನು ತಿರುಗಿ ನೋಡಲಿಲ್ಲ. ಆತ ಸೀಟು ಬಿಚ್ಚಿಸಿದ, ಕೆಳಗೆ ಮಗುವಿನ ಒಂದು ಕಾಲುಚೀಲ ಸಿಕ್ಕಿತಂತೆ. ಕಾರು ಮಾರಿದವರನ್ನು ಅವನು ಏನೂ ಕೇಳಲಿಲ್ಲ, ನಾನೂ ಅವನನ್ನು ಕೇಳಲಿಲ್ಲ.

ಈಗ ತೇಜುವಿನ ವಿಷಯ.

ಒಂದು ಬೆಳಿಗ್ಗೆ ನನ್ನ ವಯಸ್ಸಿನ ಹೆಂಗಸೊಬ್ಬಳು ಒಂದು ಹುಡುಗನ ಕೈ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಹೆಸರು ಸಿದ್ದಮ್ಮ. ಅಜ್ಜಂಪುರದ ಹತ್ತಿರ ಈರುಳ್ಳಿ ಬೆಳೆಯುವ ಮನೆಯವರು. ಹುಡುಗ ಅವಳ ಮಗನ ಮಗ, ತೇಜು. ನಾಲ್ಕು ವರ್ಷವಿರಬೇಕು, ಆದರೆ ಕೈಕಾಲು ಎರಡು ವರ್ಷದವನ ಹಾಗೆ. ಬಣ್ಣ ಹೋದ ಒಂದು ಹಸಿರು ಸೀರೆಯ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡಿದ್ದ. ಉಳಿದ ಸೀರೆ ಅಜ್ಜಿಯ ಚೀಲದಲ್ಲಿತ್ತು.

"ಅಕ್ಕಾ, ಕಾರಿಗೆ ಕಟ್ಟೋ ಬಿಲ್ಲೆ ಮಾಡೋರು ನೀವೇನಾ? ಯಾವ ವಾಸ್ನೆ ಬೇಕಾದ್ರೂ ಮಾಡ್ತೀರಂತೆ?"

"ಕೂತ್ಕಳಿ," ಅಂದೆ.

ಹುಡುಗನನ್ನು ಅಚ್ಚುಗಳ ಬುಟ್ಟಿಯ ಹತ್ತಿರ ಆಡಲು ಬಿಟ್ಟು ಅವಳು ದನಿ ತಗ್ಗಿಸಿ ಹೇಳಿದಳು. ಸೊಸೆ ರೂಪ ಕಾಮಾಲೆಯಾಗಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾಳೆ. ಮಗುವಿಗೆ ತೋರಿಸಲಿಲ್ಲ. ಮಣ್ಣು ಮಾಡುವ ದಿನ ಪಕ್ಕದೂರಿನ ನೆಂಟರ ಮನೆಯಲ್ಲಿ ಬಿಟ್ಟಿದ್ದರು. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಬರುತ್ತಾಳೆ ಎಂದೇ ಎಲ್ಲರೂ ಹೇಳುತ್ತಿದ್ದಾರೆ.

"ಅನ್ನ ಮುಟ್ಟಲ್ಲ ಕಣಕ್ಕ. ಈ ಸೀರೆ ಮುಖದ ಹತ್ರ ಹಿಡಿದ್ರೆ ಎರಡು ತುತ್ತು ತಿಂತನೆ. ಈಗ ಸೀರೇಲಿ ವಾಸ್ನೆ ಹೋಗ್ತಾ ಐತೆ. ಮೊನ್ನೆಯಿಂದ ಅದೂ ಇಲ್ಲ. ಡಾಕ್ಟ್ರು ಡ್ರಿಪ್ ಹಾಕ್ಸಿ ಅಂತಾರೆ. ಎಷ್ಟು ದಿನ ಅಂತ ಹಾಕ್ಸೋದು? ಇವನೊಬ್ಬ ಉಳೀಬೇಕು ಅಕ್ಕ ನಂಗೆ."

ನಾನು ಆಗಲ್ಲ ಎನ್ನಬೇಕಿತ್ತೋ ಏನೋ. ಹುಡುಗನ ಕುತ್ತಿಗೆಯ ಮೂಳೆ ನೋಡಿದೆ. ಸೀರೆ ಇಸಿದುಕೊಂಡೆ.

ಹೊಸ ಮೂಗಿನಿಂದ ಮೂಸಬೇಕೆಂದು ಮಾರನೇ ದಿನ ಬೆಳಿಗ್ಗೆ ಹಲ್ಲುಜ್ಜಿ, ಏನೂ ಕುಡಿಯದೆ, ಸೀರೆಯ ಮಡಿಕೆ ಬಿಚ್ಚಿದೆ. ಮೇಲೆ ಬಟ್ಟೆ ಸೋಪು. ಅದರ ಕೆಳಗೆ ಕೊಬ್ಬರಿ ಎಣ್ಣೆ, ಸ್ವಲ್ಪ ಅರಿಶಿನ. ಅದಕ್ಕೂ ಕೆಳಗೆ ಒಣಗಿದ ಈರುಳ್ಳಿ ಸಿಪ್ಪೆ, ಉಕ್ಕಿ ಒಲೆಗೆ ಬಿದ್ದ ಹಾಲು. ಒಬ್ಬ ಹೆಂಗಸು ದಿನವೆಲ್ಲ ಎಲ್ಲೆಲ್ಲಿ ಓಡಾಡಿದ್ದಳು ಎನ್ನುವುದೆಲ್ಲ ಅದರಲ್ಲಿತ್ತು. ಇನ್ನೂ ಆಳದಲ್ಲಿ, ಸೀರೆಯ ನಡುಭಾಗದಲ್ಲಿ ಮಾತ್ರ, ತಣ್ಣಗೆ ಹಸಿರಾದ ಒಂದು ವಾಸನೆ ಸಿಕ್ಕಿತು. ಮರುಗ. ಹೂವಿನ ಜೊತೆ ನಡುನಡುವೆ ಸೇರಿಸಿ ಕಟ್ಟುತ್ತೇವಲ್ಲ, ಅದೇ ಮರುಗ. ಪಾಪ, ದಿನವೂ ಮುಡಿಯುತ್ತಿದ್ದಳೇನೋ ಅಂದುಕೊಂಡೆ. ಉಳಿದದ್ದಕ್ಕೆಲ್ಲ ನನ್ನ ಸೀಸೆಗಳಲ್ಲೇ ಹೊಂದಿಸಿದೆ, ಮರುಗದ ಎಣ್ಣೆ ಮಾತ್ರ ಇರಲಿಲ್ಲ. ಅತ್ತರು ಮಾರುವ ಮುಮ್ತಾಜಳ ತಮ್ಮನಿಂದ ತರಿಸಿದೆ. ಆ ಎಣ್ಣೆ ಒಂದೆರಡು ಹನಿ ಬಿದ್ದದ್ದೇ ತಡ, ಅಲ್ಲಿಯವರೆಗೆ ಬರೀ ಮನೆಯ ವಾಸನೆಯಾಗಿದ್ದದ್ದು ಒಬ್ಬ ಹೆಂಗಸಿನ ವಾಸನೆಯಾಯಿತು.

ಹೊಸ ಸೆಂಟು ಕುಡಿಯಲು ಮಣಿಗೆ ಎಷ್ಟೋ ದಿನ ಬೇಕು. ಇವು ಬೆಳಗಾಗುವಷ್ಟರಲ್ಲಿ ಒಂದು ಹನಿಯೂ ಬಿಡದೆ ಕುಡಿದು ಗಲಗಲ ಎನ್ನುತ್ತಿದ್ದವು. ಜಾಡಿಯನ್ನು ಮತ್ತೆ ಮತ್ತೆ ಅಲ್ಲಾಡಿಸಿ ನೋಡಿದೆ. ಆಮೇಲೆ ಅಲ್ಲಾಡಿಸಲು ಕೈ ಬರಲಿಲ್ಲ.

ಸಿದ್ದಮ್ಮ ಮತ್ತೆ ಬಂದಾಗ ಮಗುವನ್ನು ಹೆಗಲ ಮೇಲೆ ಹೊತ್ತು ತಂದಳು. ಅವನಿಗೆ ನಡೆಯಲು ಶಕ್ತಿ ಇರಲಿಲ್ಲ. ಸೀರೆ ವಾಪಸು ಕೊಟ್ಟ ಕೂಡಲೇ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡ. ಬುಟ್ಟಿಯಿಂದ ಯಾವ ಅಚ್ಚು ಬೇಕು ಎಂದರೆ ಗಿಣಿಯ ಅಚ್ಚು ತೋರಿಸಿದ. "ಗಿಣಿ ಮಾತಾಡ್ತದೆ ನೋಡು, ಉಂಡ್ಯಾ ಅಂತ ಕೇಳ್ತದೆ" ಎಂದು ಅಜ್ಜಿ ರಮಿಸಿದಳು. ಅವರ ಬಸ್ಸಿಗೆ ಹೊತ್ತಾಗುತ್ತಿತ್ತು. ಮಗುವಿನ ಸ್ಥಿತಿ ನೋಡಿ ನಾನು ಹೊತ್ತು ನೋಡದೆ ಓವನ್ನು ಹಾಕಿದೆ. ನೆತ್ತಿಯ ಮೇಲೆ ಸೂರ್ಯ ಇದ್ದ.

ಕಾವು ಏರುತ್ತಿದ್ದಂತೆ ಸಿದ್ದಮ್ಮ ಮಗುವಿಗೆ ನೀರು ಕುಡಿಸಲು ಹೊರಗೆ ಹೋದಳು. ನಾನೊಬ್ಬಳೇ ಓವನ್ನಿನ ಮುಂದೆ. ವಾಸನೆ ಓವನ್ನಿನ ಕಡೆಯಿಂದ ಬರಬೇಕು ತಾನೇ? ಅದು ನನ್ನ ಬೆನ್ನ ಹಿಂದಿನಿಂದ ಬಂತು. ಅಡುಗೆ ಮನೆಯಲ್ಲಿ ಹಿಂದೆ ಯಾರೋ ಬಂದು ನಿಂತು, ಹೆಗಲ ಮೇಲಿಂದ ಬಗ್ಗಿ ಪಾತ್ರೆಯೊಳಗೆ ನೋಡಿದರೆ ಹೇಗೆ ಗೊತ್ತಾಗುತ್ತದೋ ಹಾಗೆ. ಸಿದ್ದಮ್ಮನೇ ಇರಬೇಕೆಂದು ಜರುಗಿ ಜಾಗ ಮಾಡಿಕೊಟ್ಟೆ. ಆಗ ಹೊರಗಡೆಯಿಂದ ಸಿದ್ದಮ್ಮನ ದನಿ ಕೇಳಿತು, "ಕುಡಿಯೋ ಕಂದ, ಇನ್ನೊಂದ್ ಗುಟುಕು." ನಾನು ತಲೆಯ ಮೇಲೆ ಸೆರಗು ಹೊದ್ದುಕೊಂಡು ಕಣ್ಣು ಮುಚ್ಚಿ ನಿಂತೆ. ತೆರೆದಾಗ ಗಿಣಿ ಹದಕ್ಕೆ ಬಂದಿತ್ತು.

ಬಿಲ್ಲೆ ಕೈಗೆ ಕೊಟ್ಟೆ. ತೇಜು ಮೂಗಿಗೆ ಹಿಡಿದ. ಬಾಯಿಂದ ಸೀರೆ ತಾನಾಗಿ ಜಾರಿ ಬಿತ್ತು. "ಅಮ್ಮ" ಅಂದ, ನಮ್ಮಿಬ್ಬರ ನಡುವೆ ಏನೂ ಇಲ್ಲದ ಕಡೆ ನೋಡಿ. ಆಮೇಲೆ ಅಜ್ಜಿ ತಂದಿದ್ದ ಮೊಸರನ್ನವನ್ನು ತಾನೇ ಕೈ ಹಾಕಿ ತಿಂದ. ಸಿದ್ದಮ್ಮ ನನ್ನ ಕಾಲು ಮುಟ್ಟಲು ಬಂದಳು, ನಾನು ಓವನ್ನಿನ ಹಿಂದೆ ಹೋಗಿ ನಿಂತೆ.

ಸ್ವಲ್ಪ ದಿನ ಫೋನಿನಲ್ಲಿ ಒಳ್ಳೆಯ ಸುದ್ದಿಯೇ ಬಂತು. ಎರಡು ಹೊತ್ತು ಉಣ್ಣುತ್ತಾನೆ, ಕೆನ್ನೆ ತುಂಬಿಕೊಂಡಿದೆ ಅಂತ. ಆಮೇಲೆ ಸಿದ್ದಮ್ಮನ ದನಿ ಬೇರೆಯಾಯಿತು. "ಅಕ್ಕಾ, ತಟ್ಟೇಲಿ ಅರ್ಧ ಪಕ್ಕಕ್ಕೆ ತೆಗೆದಿಡ್ತನೆ. ಯಾಕೋ ಅಂದ್ರೆ ಅಮ್ಮಂಗೆ ಅಂತನೆ." ಮಕ್ಕಳ ಆಟ ಅಂದೆ. ಇನ್ನೊಂದು ದಿನ, "ಮಧ್ಯಾಹ್ನ ಹಿತ್ಲ ಬಾಗ್ಲಲ್ಲಿ ಕೂತು ಮಾತಾಡ್ತಾನೆ. ನಾವ್ ಕರೆದ್ರೆ ಓಗೊಡಲ್ಲ. ಹಿಂದೆ ನೋಡದೆ ನಡೆದುಬಿಡ್ತನೆ."

ಮತ್ತೆ ಫೋನು ಬಂದಾಗ ಅವಳು ಮಾತಾಡಲಾರದೆ ಮಗ ಲೋಕೇಶನ ಕೈಗೆ ಕೊಟ್ಟಳು. ಅವನು ಹೇಳಿದ: ಮಧ್ಯಾಹ್ನ ಮಗು ಕಾಣಲಿಲ್ಲ. ಕೆರೆ, ರಸ್ತೆ, ರೈಲು ಹಳಿ ಎಲ್ಲ ಹುಡುಕಿದರು. ಕೊನೆಗೆ ಸಿಕ್ಕಿದ್ದು ದೂರದ ಹೊಲದ ಬದುವಿನಲ್ಲಿ, ರೂಪಳನ್ನು ಮಣ್ಣು ಮಾಡಿದ ಜಾಗದಲ್ಲಿ. ಆ ಹೊಲಕ್ಕೆ ಅವನನ್ನು ಯಾರೂ ಯಾವತ್ತೂ ಕರೆದುಕೊಂಡು ಹೋಗಿರಲಿಲ್ಲ. ಸುಡುವ ಮಣ್ಣಿನ ಮೇಲೆ ಕೆನ್ನೆಯಿಟ್ಟು, ಗಿಣಿ ಹಿಡಿದು ಮಲಗಿದ್ದ. ಎತ್ತಿಕೊಂಡರೆ ಮೈ ತಣ್ಣಗಿತ್ತು.

"ಬೆಂಕಿಗೆ ಹಾಕನ ಅಂತ ಗಿಣಿ ಕಿತ್ಕಂಡೆ ಅಮ್ಮ. ಉಸಿರು ಕಟ್ಟಿ ನೀಲಿಯಾಗೋದ. ಹೆದ್ರಿ ವಾಪಸ್ ಕೊಟ್ಬಿಟ್ಟೆ. ಇದ್ರೂ ಹೋಯ್ತನೆ, ಇಲ್ದಿದ್ರೂ ಹೋಯ್ತನೆ. ಏನ್ ಮಾಡ್ಲಿ ಹೇಳಿ. ಮಾಡಿರೋರು ನೀವು."

ಮಾಡಿರೋರು ನೀವು. ಆ ಮಾತು ಹಿಡಿದುಕೊಂಡು ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೊರಟೆ. ಒಬ್ಬಳೇ ಪರಊರಿನ ಮನೆಗೆ ಹೋದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಅವರ ಮನೆಯ ಪಕ್ಕದಲ್ಲೇ ಈರುಳ್ಳಿ ಶೆಡ್ಡು. ಜಗುಲಿಯ ಮೇಲೆ ಕೂತೆ. ಸಿದ್ದಮ್ಮ ಮಜ್ಜಿಗೆ ಕೊಟ್ಟಳು. ಲೋಕೇಶ ಕಂಬ ಒರಗಿ ನಿಂತಿದ್ದ. ನೆಂಟರಲ್ಲೊಬ್ಬರು ಅಂತರಘಟ್ಟೆಯ ಅಮ್ಮನಿಗೆ ಹರಕೆ ಕಟ್ಟಿಕೊಳ್ಳಿ ಎನ್ನುತ್ತಿದ್ದರು. ಅಷ್ಟರಲ್ಲಿ ಈರುಳ್ಳಿಯ ವಾಸನೆಯನ್ನೆಲ್ಲ ಪಕ್ಕಕ್ಕೆ ತಳ್ಳಿಕೊಂಡು ಆ ತಣ್ಣನೆಯ ಹಸಿರು ವಾಸನೆ ನಡುಮನೆಯಿಂದ ಬಂತು. ವಾಸನೆ ಬಂದು ಎಷ್ಟೋ ಹೊತ್ತಿನ ಮೇಲೆ ಮಗು ಬಂದ. ಬಿಲ್ಲೆ ಅವನ ಕೈಯಲ್ಲೇ ಇತ್ತು. ಹಾಗಾದರೆ ಮೊದಲು ಬಂದದ್ದೇನು ಎಂದು ನಾನು ಯೋಚಿಸಹೋಗಲಿಲ್ಲ.

ತೇಜು ಎಲ್ಲರನ್ನೂ ದಾಟಿ ನನ್ನ ಮುಂದೆ ನಿಂತ.

"ಅಮ್ಮ ಹೇಳ್ತು."

"ಏನ್ ಹೇಳ್ತಪ್ಪಾ?"

"ಮರುಗ ಬ್ಯಾಡ ಅಂತೆ."

ಸಿದ್ದಮ್ಮನ ಕೈಯಿಂದ ಲೋಟ ಬಿತ್ತು. "ಕೇಳ್ದೇನೋ ಲೋಕೇಶಾ! ಮರುಗಬ್ಯಾಡ ಅಂತ ಹೇಳವಳೆ ಕಣೋ ನನ್ ಸೊಸೆ! ನಾವು ಅಳ್ತಾ ಕೂತಿರೋದ ನೋಡವಳೆ!" ಎಂದು ಎದೆ ಎದೆ ಬಡಿದುಕೊಂಡಳು. ಲೋಕೇಶ ಕಂಬಕ್ಕೆ ಮುಖ ಒತ್ತಿದ. ನೆಂಟರು ಕೈ ಮುಗಿದರು. ಮನೆಯವರೆಲ್ಲ ಎಷ್ಟೋ ದಿನದಿಂದ ತಡೆದದ್ದನ್ನು ಆಗ ಅತ್ತರು.

ನಾನೊಬ್ಬಳು ಅಳಲಿಲ್ಲ. ಮಗು ನೋಡುತ್ತಿದ್ದದ್ದು ಅಜ್ಜಿಯನ್ನಲ್ಲ, ಅಪ್ಪನನ್ನಲ್ಲ, ನನ್ನನ್ನು. ಹೇಳುವಾಗ 'ಮರುಗ' ಎಂದು ನಿಲ್ಲಿಸಿ, ಆಮೇಲೆ 'ಬ್ಯಾಡ' ಅಂದಿದ್ದ. ಬಿಲ್ಲೆಗೆ ಮರುಗ ಸೇರಿದೆ ಎಂದು ನಾನು ಆ ಮನೆಯವರಿಗೆ ಹೇಳಿರಲಿಲ್ಲ.

"ಯಾರಿಗೆ ಹೇಳು ಅಂತು ಅಮ್ಮ?" ಮೆಲ್ಲಗೆ ಕೇಳಿದೆ.

"ನಿಂಗೆ."

ಎಲ್ಲರ ಅಳು ಇಳಿಯುವ ತನಕ ಕಾದು, ಸಿದ್ದಮ್ಮನನ್ನು ಈರುಳ್ಳಿ ಶೆಡ್ಡಿಗೆ ಕರೆದುಕೊಂಡು ಹೋದೆ. "ಸಿದ್ದಮ್ಮಾ, ರೂಪ ಮರುಗ ಮುಡೀತಿದ್ಲಾ?"

"ಅಯ್ಯೋ, ಮರುಗನಾ? ಅವಳಿಗೆ ಆಗ್ತಿರಲಿಲ್ಲ. ತಲೆನೋವು ಬತ್ತದೆ ಅತ್ತೆ ಅಂತ ಹೂವಿನಿಂದ ಆರಿಸಿ ಆರಿಸಿ ಬಿಸಾಕೋಳು. ಯಾಕಕ್ಕ?"

"ಸೀರೇಲಿ ಐತಲ್ಲ."

ಅವಳು ಒಮ್ಮೆಲೇ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡು ಹೇಳಿದಳು. ರೂಪಳಿಗೆ ಆ ಹಸಿರು ಸೀರೆ ಎಂದರೆ ಇಷ್ಟ. ಮುತ್ತೈದೆ ಸಾವು, ಹೊಸ ಸೀರೆ ಉಡಿಸಿ, ಮೇಲೆ ಈ ಸೀರೆ ಹೊದಿಸಿದ್ದರು. ಅದರ ಮೇಲೆ ಹಾರ. ಮರುಗವೇ ಹೆಚ್ಚಾಗಿದ್ದ ದಪ್ಪ ಹಾರ. ಮೇಲೆ ಹೊದಿಸಿದ ಬಟ್ಟೆ ಜೊತೆಗೇ ಹೋಗಬೇಕು, ಮನೆಗೆ ತರುವ ಪದ್ಧತಿ ಇಲ್ಲ. ಆದರೆ ಗುಂಡಿಯ ಹತ್ತಿರ ಇಳಿಸುವ ಮೊದಲು ಸಿದ್ದಮ್ಮನಿಗೆ ಮನಸ್ಸು ತಡೆಯಲಿಲ್ಲ. ಮೊಮ್ಮಗನಿಗೆ ಇದಾದರೂ ಇರಲಿ ಎಂದು ಸೀರೆ ಎಳೆದು ಮಡಿಲಲ್ಲಿ ಬಚ್ಚಿಟ್ಟುಕೊಂಡು ಬಂದಿದ್ದಳು.

ನಾನು ಈರುಳ್ಳಿಯ ರಾಶಿಯ ಮೇಲೆ ಕೂತೆ. ಸೋಪು, ಎಣ್ಣೆ, ಹಾಲು, ಅರಿಶಿನ ಎಲ್ಲ ಬದುಕಿದ್ದ ರೂಪಳದು. ಮರುಗ ಹೆಣದ್ದು. ಎರಡನ್ನೂ ಒಂದೇ ಜಾಡಿಯಲ್ಲಿ ಮಣಿಗೆ ಕುಡಿಸಿ ಮಗುವಿನ ಕೈಗೆ ಕೊಟ್ಟಿದ್ದೆವು. ಅವನು ಅದು ಎಳೆದ ಕಡೆ ಹೋದ.

"ಅವಳು ಮರುಗಬೇಡ, ಅಳಬೇಡ ಅಂದಿದ್ದಲ್ಲ ಸಿದ್ದಮ್ಮ. ಹಾರದ ಮರುಗ ಬೇಡ ಅಂದಿದ್ದು," ಅಂದೆ. ಮುಂದೆ ವಿವರಿಸಬೇಕಾಗಲಿಲ್ಲ. ಅವಳಿಗೆ ತಿಳಿಯಿತು.

ರೂಪಳ ಪೆಟ್ಟಿಗೆಯಿಂದ ದಿನಬಳಕೆಯ ಒಂದು ರವಿಕೆ ತೆಗೆಸಿಕೊಂಡು ಕಡೂರಿಗೆ ಬಂದೆ. ಮರುಗ ಸೇರಿದ್ದ ಮಣಿಯನ್ನೆಲ್ಲ ಹೊರಗೆ ಹಾಕಿ, ಜಾಡಿ ಒಡೆದು, ಹೊಸ ಜಾಡಿಯಲ್ಲಿ ಮೊದಲಿನಿಂದ ಶುರುಮಾಡಿದೆ. ಈ ಸಲ ಮಣಿ ಎಲ್ಲ ಮಣಿಗಳಂತೆ ನಿಧಾನವಾಗಿ ಕುಡಿದವು. ಆ ದಿನಗಳನ್ನು ಕಳೆದದ್ದು ಹೇಗೆಂದು ಕೇಳಬೇಡಿ. ಲೋಕೇಶ ಕೆಲಸ ಬಿಟ್ಟು ಮಗುವಿನ ಸೊಂಟಕ್ಕೂ ತನ್ನ ಸೊಂಟಕ್ಕೂ ಹಗ್ಗ ಕಟ್ಟಿಕೊಂಡು ಕೂತಿದ್ದನಂತೆ. ಮಧ್ಯಾಹ್ನವಾದರೆ ಹಗ್ಗ ಬಿಗಿಯಾಗುತ್ತಿತ್ತಂತೆ, ಹೊಲದ ಕಡೆಗೆ. ಇತ್ತ ನನಗೆ ಬೇರೆ ಹೆದರಿಕೆ. ಮರುಗ ಇಲ್ಲದ ಸೆಂಟು ಸಪ್ಪೆಯಾಗಿತ್ತು. ಮೂಸಿದರೆ ಯಾರೂ ಬಂದು ನಿಲ್ಲುತ್ತಿರಲಿಲ್ಲ. ಮಗು ಇದನ್ನು ಒಲ್ಲೆ ಎಂದರೆ ನನ್ನ ಹತ್ತಿರ ಬೇರೆ ದಾರಿ ಇರಲಿಲ್ಲ.

ಬೆಳಗಿನ ಹೊತ್ತಿನಲ್ಲಿ ಕಾಯಿಸಿ, ಹೊಸ ಗಿಣಿ ಒಯ್ದೆ. ತೇಜು ಅದನ್ನು ತುಂಬ ಹೊತ್ತು ಮೂಸಿದ. ಎಡಗೈಯಲ್ಲಿ ಹಳೆಯದು, ಬಲಗೈಯಲ್ಲಿ ಹೊಸದು. ಅವನು ಹಳೆಯದನ್ನು ಅಜ್ಜಿಯ ಕಡೆ ಚಾಚಿದ.

"ಇದು ಯಾರು?"

ಸಿದ್ದಮ್ಮ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. "ನಿಮ್ಮಮ್ಮ ಆಸ್ಪತ್ರೇಲಿ ಇಲ್ಲ ಕಂದ. ನಾವು ಸುಳ್ಳು ಹೇಳಿದ್ವಿ. ನಿಮ್ಮಮ್ಮ ಸತ್ತೋಯ್ತು. ಇದು ಅವತ್ತಿನ ವಾಸ್ನೆ. ನೀನು ಇಟ್ಕಂಡಿರೋದು ಬದುಕಿದ್ದಾಗಿಂದು."

"ಗೊತ್ತು," ಅಂದ ತೇಜು. ಅಷ್ಟು ಹೇಳಿ, ಅಜ್ಜಿಯ ಮಡಿಲಲ್ಲಿ ಮುಖವಿಟ್ಟು, ನಾಲ್ಕು ವರ್ಷದ ಮಗು ಅಳುವ ಹಾಗೆ ಕಿರುಚಿ ಕಿರುಚಿ ಅತ್ತ. ತಾಯಿ ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲಂತೆ.

ಆ ಸಂಜೆ ಬಿಸಿಲು ಇಳಿದ ಮೇಲೆ ನಾಲ್ವರೂ ಹೊಲದ ಬದುವಿಗೆ ಹೋದೆವು. ಹಸಿರು ಸೀರೆಯನ್ನೂ ಹಳೆಯ ಗಿಣಿಯನ್ನೂ ಹೋಗಬೇಕಾಗಿದ್ದ ಕಡೆಗೆ ಸೇರಿಸಿ ಮಣ್ಣು ಮುಚ್ಚಿದೆವು. ಮಗು ಹಿಂತಿರುಗುವಾಗ ಅಪ್ಪನ ಹೆಗಲ ಮೇಲೆ ಕೂತು, "ಹಸೀತೈತೆ" ಅಂದ.

ಹೊಸ ಗಿಣಿ ಎಲ್ಲ ಬಿಲ್ಲೆಗಳಂತೆ ಕೆಲವು ತಿಂಗಳಲ್ಲಿ ವಾಸನೆ ಕಳೆದುಕೊಂಡಿತು. ಇನ್ನೊಂದು ಮಾಡಲೇ ಎಂದು ಕೇಳಿಸಿದೆ. "ಬ್ಯಾಡವಂತೆ ಅಕ್ಕ, ಅದನ್ನ ಸೈಕಲ್ಲಿಗೆ ಕಟ್ಕಂಡವನೆ," ಅಂದಳು ಸಿದ್ದಮ್ಮ. ಬಿಲ್ಲೆಯ ವಾಸನೆ ಹೋಗುತ್ತದೆ ಎಂದು ಗಿರಾಕಿಗಳು ಬೈದಾಗ ನೀವು ಬೇಸರ ಮಾಡಿಕೊಳ್ಳಬೇಡಿ. ಹೋಗಬೇಕಾದದ್ದು ಹೋಗುತ್ತದೆ, ಅದು ಕೆಲಸದ ದೋಷವಲ್ಲ.

ಮಗುವಿನ ಬಾಯಲ್ಲಿ ಆ ಮಾತು ಹೇಳಿಸಿದ್ದು ಯಾರು ಎಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆಯಲು ಧೈರ್ಯವೂ ಇಲ್ಲ. ತೀರಿಕೊಂಡವರ ಬಟ್ಟೆ ಹಿಡಿದು ನಿಮ್ಮ ಹತ್ತಿರವೂ ಯಾರಾದರೂ ಬರುತ್ತಾರೆ, ಬಂದೇ ಬರುತ್ತಾರೆ. ಮಾಡಿಕೊಡುವುದು ಬಿಡುವುದು ನಿಮ್ಮ ಮನಸ್ಸು. ಆದರೆ ಜಾಡಿ ತೆರೆಯುವ ಮೊದಲು ಒಂದು ಮಾತು ಕೇಳಿ: ಈ ಬಟ್ಟೆ ಬದುಕಿದ್ದಾಗ ಕೊನೆಗೆ ಉಟ್ಟದ್ದೋ, ಆಮೇಲೆ ಹೊದಿಸಿದ್ದೋ? ಕೇಳಲು ನಾಚಿಕೆಯಾಗುತ್ತದೆ. ನನಗೂ ಆಗುತ್ತಿತ್ತು. ನಾಚಿಕೆಯಾದರೂ ಕೇಳಿ.

ಈ ಹಾಳೆಗಳನ್ನು ಜೋಪಾನವಾಗಿಡಿ. ಶೆಡ್ಡಿನಲ್ಲಿ ಬೇಡ, ಸೀರೆಗಳ ನಡುವೆಯೂ ಬೇಡ, ನುಸಿಗುಳಿಗೆ ಹಾಕಬೇಡಿ. ಕಾಗದವೂ ಕುಡಿಯುತ್ತದೆ. ಏನೂ ಇಲ್ಲದ ಒಂದು ಸ್ಟೀಲ್ ಡಬ್ಬದಲ್ಲಿಡಿ. ಮುಂದೆ ಎಂದಾದರೂ ತೆರೆದಾಗ ಇದರಿಂದ ಯಾವ ವಾಸನೆಯೂ ಬರಬಾರದು. ಬಂದರೆ ಹೆದರಿ ಎಸೆದುಬಿಡಬೇಡಿ ಮಕ್ಕಳೇ, ಸ್ವಲ್ಪ ಹೊತ್ತು ಬೆಳಗಿನ ಬಿಸಿಲಿಗೆ ಹಿಡಿದು, ಮತ್ತೆ ಹಾಗೇ ಮುಚ್ಚಿಡಿ.